ಕೊಟ್ಟ ಹೂವಿನ ಹೊಣೆ

ಹೂವನ್ನು ಕೊಡುವುದು ಸುಲಭ. ಕೊಟ್ಟ ಹೂವಿಗೆ ತಕ್ಕಂತೆ ನಡೆಯುವುದು ದುಷ್ಕರ. ರಾಷ್ಟ್ರಗಳು ಶಾಂತಿಯ ಕುರುಹೆಂದು ಪರಸ್ಪರ ಗುಲಾಬಿಗಳನ್ನು ಅರ್ಪಿಸುವುದುಂಟು. ಆ ಕುರುಹಿಗೆ ಬೆಲೆ ಬರುವುದು ಯಾವುದರಿಂದ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಫ್ರಾನ್ಸ್ ದೇಶದ ಫ್ರಾನ್ಸಿಸ್ ಮೆಯ್ಯಾಂ ಎಂಬ ತೋಟಗಾರನು ಎರಡನೆಯ ಮಹಾಯುದ್ಧಕ್ಕೆ ಮೊದಲು ಅಂಚಿನಲ್ಲಿ ನಸುಗೆಂಪಾದ ಹಳದಿ ಗುಲಾಬಿಯೊಂದನ್ನು ಬೆಳೆಸಿದನು. ಜರ್ಮನರು ಅದನ್ನು ದೇವರ ಮಹಿಮೆಯೆಂದೂ ಇಟಲಿಯವರು ಆನಂದವೆಂದೂ ತಮ್ಮ ತಮ್ಮ ರೀತಿಯಲ್ಲಿ ಕರೆದರು. ಅಮೆರಿಕದಲ್ಲಿ 1945ರ ಏಪ್ರಿಲ್ 29ರಂದು ಅದಕ್ಕೆ ‘ಪೀಸ್’, ಅಂದರೆ ಶಾಂತಿ, ಎಂಬ ಹೆಸರಾಯಿತು. ಆಗ ಸಂಯುಕ್ತ ರಾಷ್ಟ್ರಗಳ ಸನ್ನದನ್ನು ರಚಿಸಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆರೆದಿದ್ದ ಪ್ರತಿನಿಧಿ ಮಂಡಲಗಳ ಮುಖ್ಯರಿಗೆ ಈ ಗುಲಾಬಿ ಒಂದೊಂದನ್ನು ಕೊಡಲಾಯಿತು. ಜೂನ್ 26ರಂದು ಸನ್ನದಿಗೆ ಸಹಿ ಬಿದ್ದಿತು. ಆಗಸ್ಟ್ 6ರಂದು ಹಿರೋಶಿಮಾ ಬೂದಿಯಾಯಿತು, 9ರಂದು ನಾಗಸಾಕಿ. ಹೂ ಕೊಟ್ಟವರು ತೋಟದ ಪ್ರೇಮಿಗಳು, ಅಣುಬಾಂಬು ಹಾಕಿಸಿದವರು ರಾಜ್ಯಭಾರ ಹೊತ್ತವರು ಎಂದು ಸಮಾಧಾನ ಹೇಳಬಹುದು. ಆದರೆ ಹೂವನ್ನು ಸ್ವೀಕರಿಸಿದ ಕೈಗಳು ರಾಜ್ಯಭಾರದವೇ ಅಲ್ಲವೆ?

ನಮ್ಮ ಬೀದರಿನ ಸಮೀಪದ ಅಷ್ಟೂರಿನಲ್ಲಿ ಇದಕ್ಕೆ ಬೇರೊಂದು ನಿದರ್ಶನವಿದೆ. ಅಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿಯಿದೆ. ಬೀದರನ್ನು ರಾಜಧಾನಿಯಾಗಿ ಮಾಡಿಕೊಂಡ ಈತನು ವಿಜಯನಗರದ ಮೇಲೆ ದಂಡೆತ್ತಿ ನಡೆಸಿದ ಕ್ರೌರ್ಯವನ್ನು ಫೆರಿಶ್ತಾ ಎಂಬ ಇತಿಹಾಸಕಾರನೇ ಬರೆದಿಟ್ಟಿದ್ದಾನೆ. ಅಂಥವನ ಉರುಸಿಗೆ ಕಲಬುರ್ಗಿ ಸೀಮೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ವರ್ಷ ವರ್ಷವೂ ಪರಿವಾರದೊಡನೆ ಬರುತ್ತಾರೆ. ಶಂಖ ಊದಿ ಗೋರಿಗೆ ಹೂವನ್ನು ಅರ್ಪಿಸುತ್ತಾರೆ. ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವ ಭಕ್ತರೂ ಇದ್ದಾರೆ. ಜನತೆಯ ಮನಸ್ಸು ಅರಸನ ಖಡ್ಗವನ್ನು ಮರೆತು, ಅವನಲ್ಲಿ ಕಂಡ ಸಂತತನವೊಂದನ್ನೇ ಆರಿಸಿ ಉಳಿಸಿಕೊಂಡಿದೆ.

ಇಷ್ಟರಿಂದಲೇ ನಮ್ಮ ನಾಡಿನಲ್ಲಿ ಶಾಂತಿ ನೆಲೆಸಿತೆಂದು ಹೆಮ್ಮೆಪಡುವಂತಿಲ್ಲ. ಇದೇ ಬೀದರ ಸೀಮೆ ರಜಾಕಾರರ ಹಾವಳಿಯನ್ನು ಅನುಭವಿಸಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಪ್ರತೀಕಾರದ ರಕ್ತಪಾತವನ್ನೂ ಕಂಡಿತು. ಶತಮಾನಗಳ ಹೂವೂ ಆ ದಿನಗಳನ್ನು ತಡೆಯಲಾರದೆ ಹೋಯಿತು. ಹಾಗಾದರೆ ಅಷ್ಟೂರಿನ ಹೂವಿಗೂ ಸ್ಯಾನ್ ಫ್ರಾನ್ಸಿಸ್ಕೋದ ಗುಲಾಬಿಗೂ ಭೇದವೇನು?

ಭೇದವಿರುವುದು ಮರಳಿ ಬರುವುದರಲ್ಲಿ. ಕಿತ್ತ ಹೂವು ಒಂದು ದಿನಕ್ಕೆ ಬಾಡುತ್ತದೆ. ಅದು ಸೂಚಿಸಿದ ಸದ್ಭಾವವೂ ಬಾಡದೆ ಇರದು. ಒಮ್ಮೆ ಕೊಟ್ಟು ಮರೆತವನಿಗೆ ಅದು ಅಲಂಕಾರ. ವರ್ಷ ವರ್ಷವೂ ಹೊಸ ಹೂವಿನೊಡನೆ ಬರುವವನಿಗೆ ಅದು ವ್ರತ. ಶರಣರು ನುಡಿಯನ್ನು ನಡೆಯಿಂದ ಅಳೆದರು, ಪೂಜೆಯನ್ನು ಕಾಯಕದಿಂದ ಬೇರ್ಪಡಿಸಲಿಲ್ಲ. ಶಾಂತಿಯನ್ನೂ ಕಾಯಕವೆಂದು ತಿಳಿದಾಗ ಮಾತ್ರ ಅದು ಉಳಿಯುತ್ತದೆ. ಮುರಿದ ನಂಬಿಕೆಯ ಮರುವರ್ಷವೂ ಹೂ ಹಿಡಿದು ಹೊರಡುವುದೇ ಅದರ ಕಠಿಣ ಭಾಗ. ನಿನ್ನೆಯ ವೈರಿಯ ಬಾಗಿಲಿಗೆ ಹೋಗಲು ಶೌರ್ಯವೇ ಬೇಕು.

ಗುಲಾಬಿಯೆಂಬ ಮಾತೇ ಪಾರಸಿಯಿಂದ ಬಂದು ಕನ್ನಡದ ಮನೆಮಾತಾಗಿದೆ. ನುಡಿ ಇಷ್ಟು ಸಹಜವಾಗಿ ಒಳಗೊಂಡುದನ್ನು ನಡೆಯೂ ಒಳಗೊಳ್ಳಲಿ. ಹೂ ಕೊಟ್ಟ ಕೈ ಆಯುಧ ಹಿಡಿಯಲು ನಾಚುವ ದಿನ, ಆ ಹೂವು ಸಾರ್ಥಕವಾಗುತ್ತದೆ.