ಅಟ್ಟದ ಮೇಲಿನ ಕೋವಿ

ಹಳೆಯದನ್ನು ರಿಪೇರಿ ಮಾಡುವುದು ಒಳ್ಳೆಯ ಕೆಲಸ ಎಂಬುದರಲ್ಲಿ ನಮಗೆ ಎಂದೂ ಅನುಮಾನ ಇರಲಿಲ್ಲ. ನಿಂತುಹೋದ ಗಡಿಯಾರ ಮತ್ತೆ ಟಿಕ್ ಎಂದರೆ, ಅಮ್ಮಿಯ ಹೊಲಿಗೆ ಯಂತ್ರ ಮತ್ತೆ ತಿರುಗಿದರೆ ಮನೆಗೆ ಮನೆಯೇ ಹಿಗ್ಗುತ್ತದೆ. ಕಳೆದ ವರ್ಷ ರಮಜಾನ್‌ಗೆ ಮನೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಅಬ್ಬಾನ ಏರ್‌ಗನ್ ಇಳಿಯಿತು. ಅಣ್ಣ ತಮ್ಮ ಇಬ್ಬರೂ ಅದನ್ನು ಸರಿಮಾಡಲು ಕೂತೆವು. ಅಬ್ಬಾ ತೀರಿಕೊಂಡು ಆರು ವರ್ಷವಾಗಿತ್ತು. ಕೋವಿ ಅಟ್ಟ ಸೇರಿ ಮೂವತ್ತಕ್ಕೂ ಮಿಕ್ಕಿ ವರ್ಷವಾಗಿತ್ತು.

ಅದು ಜರ್ಮನಿಯ ಡಯಾನಾ 27. ರಾಸ್ಟಾಟ್ ಎಂಬ ಊರಲ್ಲಿ 1890ರಲ್ಲಿ ಶುರುವಾದ ಕಾರ್ಖಾನೆಯದು. ಅಬ್ಬಾ ಅದನ್ನು ಒಬ್ಬ ಕಾಫಿ ತೋಟದ ಮಾಲೀಕರಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಉಕ್ಕಿನ ಕೊಳವೆಯ ಮೇಲೆ ಕಂಪನಿಯ ಮುದ್ರೆ ಇದೆ: ಬೇಟೆಯ ದೇವತೆ ಡಯಾನಾ ತನ್ನ ಬಿಲ್ಲನ್ನು ಎಸೆದು ಏರ್‌ಗನ್ನನ್ನು ಮೇಲಕ್ಕೆತ್ತಿ ಹಿಡಿದಿದ್ದಾಳೆ. ಹುಡುಗರಾಗಿದ್ದಾಗ ನಾವು ಆ ಚಿತ್ರದಲ್ಲಿ ಎತ್ತಿದ ಕೈಯನ್ನು ಮಾತ್ರ ನೋಡುತ್ತಿದ್ದೆವು.

ಅಮ್ಮಿಯ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದರಿಂದ ತುಕ್ಕು ಒಳಕ್ಕೆ ಇಳಿದಿರಲಿಲ್ಲ. ನುಣುಪಾದ ಸ್ಟೀಲ್ ವುಲ್‌ಗೆ ಎಣ್ಣೆ ಮುಟ್ಟಿಸಿ ಹಗುರವಾಗಿ ಉಜ್ಜಿದೆವು. ಜೋರು ಮಾಡಿದರೆ ತುಕ್ಕಿನ ಜೊತೆಗೆ ಉಕ್ಕಿನ ಕಪ್ಪು ಬಣ್ಣವೂ ಹೋಗಿಬಿಡುತ್ತದೆ. ಬೀಚ್ ಮರದ ಹಿಡಿಗೆ ಅಗಸೆ ಎಣ್ಣೆ, ಒಂದೊಂದು ಕೈ, ನಡುವೆ ಎರಡೆರಡು ದಿನ ಒಣಗಲು ಬಿಟ್ಟೆವು. ಹಿಡಿಯಲ್ಲಿ ಅಬ್ಬಾನ ಕೆನ್ನೆ ತಾಗುತ್ತಿದ್ದ ಜಾಗ ಮಾತ್ರ ಬೇರೆ ಬಣ್ಣಕ್ಕಿತ್ತು. ಅಲ್ಲಿ ಉಜ್ಜಲಿಲ್ಲ.

ಈ ಕೋವಿಯೊಳಗೆ ಗಾಳಿ ತುಂಬಿಟ್ಟಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ನಳಿಗೆಯನ್ನು ಬಗ್ಗಿಸಿದಾಗ ಒಳಗಿನ ದಪ್ಪ ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ. ಕುದುರೆ ಎಳೆದರೆ ಅದು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ, ಆ ಕ್ಷಣದಲ್ಲಿ ಒತ್ತಿದ ಗಾಳಿ ಅರ್ಧ ಗ್ರಾಮಿನ ಸೀಸದ ಗುಂಡನ್ನು ಹೊರಗೆಸೆಯುತ್ತದೆ. ಪಿಸ್ಟನ್ನಿನ ತುದಿಗೆ ಒಂದು ಚರ್ಮದ ಬಟ್ಟಲು. ಅದು ಒಣಗಿದರೆ ಗಾಳಿ ಸೋರುತ್ತದೆ. ಹಾಗೆಂದು ಎಣ್ಣೆ ಸುರಿದರೆ ಒತ್ತಿದ ಗಾಳಿಯ ಬಿಸಿಗೆ ಎಣ್ಣೆಯೇ ಹೊತ್ತಿಕೊಂಡು ಢಮ್ ಎನ್ನುತ್ತದೆ. ಕೆಲವೇ ಹನಿ ಹಾಕಿ, ಚರ್ಮ ಕುಡಿಯುವವರೆಗೆ ಕಾಯಬೇಕು.

ನಳಿಗೆ ಬಗ್ಗಿಸಿ ನೋಡಿದೆವು. ಯಾವ ತಡೆಯೂ ಇಲ್ಲದೆ, ಕೀಲು ಸವೆದ ಬಾಗಿಲಿನ ಹಾಗೆ ಬಗ್ಗಿತು. ಸ್ಪ್ರಿಂಗ್ ಮುರಿದಿರಬೇಕು ಅಂದುಕೊಂಡೆವು. ಮುರಿದ ಸ್ಪ್ರಿಂಗೂ ಒಳಗೆ ಒತ್ತಡದಲ್ಲಿರಬಹುದು, ಪಿನ್ ತೆಗೆದ ಕೂಡಲೇ ಹಿಂಭಾಗ ಮುಖಕ್ಕೆ ಬಂದು ಬಡಿಯಬಹುದು. ಹಾಗಾಗಿ ಬಡಗಿಯ ಕ್ಲ್ಯಾಂಪ್ ತಂದು ಬಿಗಿದು ಪಿನ್ ತೆಗೆದೆವು. ಹಿಂಭಾಗ ತಾನಾಗಿ ಕೈಗೆ ಬಂತು. ಒಳಗೆ ಸ್ಪ್ರಿಂಗೇ ಇರಲಿಲ್ಲ. ಉಳಿದದ್ದೆಲ್ಲ ಶುಭ್ರ. ಗ್ರೀಸ್ ಹಚ್ಚಿತ್ತು, ಚರ್ಮದ ಬಟ್ಟಲು ಇನ್ನೂ ಮೆತ್ತಗಿತ್ತು. ಯಾರೋ ಬಿಚ್ಚಿ, ಸ್ಪ್ರಿಂಗ್ ಮಾತ್ರ ತೆಗೆದು, ಮತ್ತೆ ಎಲ್ಲವನ್ನೂ ನೀಟಾಗಿ ಜೋಡಿಸಿದ್ದರು. ಆ ಮನೆಯಲ್ಲಿ ಆ ಕೆಲಸ ಬರುತ್ತಿದ್ದವರು ಒಬ್ಬರೇ.

ಇಲ್ಲಿ ಹಳೆಯದೊಂದನ್ನು ಹೇಳಬೇಕು. ಅಬ್ಬಾ ಕೆರೆಯ ಏರಿಯ ಮೇಲೆ ಫಾಕ್ತಾ, ಅಂದರೆ ಬೆಳವದ ಹಕ್ಕಿ, ಹೊಡೆಯುತ್ತಿದ್ದರು. ಚೂರಿ ಹಿಡಿದು ಓಡುವುದು ನಮ್ಮ ಕೆಲಸ. ಪೆಟ್ಟಿನಿಂದ ಸತ್ತ ಪ್ರಾಣಿಯನ್ನು ತಿನ್ನಬಾರದೆಂದು ಕುರ್‌ಆನ್‌ನ ಅಲ್ ಮಾಇದಾ ಅಧ್ಯಾಯದಲ್ಲಿದೆ. ಗುಂಡಿನ ಬೇಟೆಯ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಉಂಟು, ಆದರೆ ನಮ್ಮ ಮನೆಯ ರಿವಾಜು ಒಂದೇ: ಜೀವ ಇರುವಾಗಲೇ ಬಿಸ್ಮಿಲ್ಲಾ ಹೇಳಿ ಜಬಹ್ ಆಗಬೇಕು. ಒಂದು ಸಂಜೆ ಹಕ್ಕಿ ಲಂಟಾನದ ಪೊದೆಯೊಳಗೆ ಬಿತ್ತು. ಮುಳ್ಳು ಸರಿಸಿ ತಲುಪುವಷ್ಟರಲ್ಲಿ ಮೈ ಬೆಚ್ಚಗಿತ್ತು, ಕಣ್ಣು ಮುಚ್ಚಿತ್ತು. ನಾವು ಕತ್ತು ಕೊಯ್ದು ತಂದು, ಜೀವ ಇತ್ತು ಎಂದೆವು. ಚೂರಿ ಯಾರ ಕೈಯಲ್ಲಿತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಹೇಳಿದ್ದು ಇಬ್ಬರೂ. ಅಬ್ಬಾ ಕತ್ತನ್ನು ಬೆರಳಿನಿಂದ ಸರಿಸಿ ನೋಡಿದರು. ರಕ್ತ ಹರಿದಿರಲಿಲ್ಲ. ಒಂದು ಮಾತೂ ಆಡದೆ ಹಲಸಿನ ಮರದ ಬುಡದಲ್ಲಿ ಹೂತರು. ಆಮೇಲೆ ಕೋವಿ ಕೆಳಗಿಳಿದದ್ದನ್ನು ನಾವು ಕಾಣೆವು. ಕಣ್ಣು ಮಂಜಾಗಿದೆ, ಅದಕ್ಕೇ ಬಿಟ್ಟರು ಎಂದು ಊರವರೂ ಹೇಳಿದರು, ನಾವೂ ನಂಬಿದೆವು.

ಸಾಲಿಂ ಅಲಿಯವರ ಬಾಲ್ಯದಲ್ಲೂ ಇಂಥದೊಂದು ಹಕ್ಕಿ ಇದೆ. ಏರ್‌ಗನ್‌ನಿಂದ ಹೊಡೆದ ಗುಬ್ಬಿಯ ಗಂಟಲಲ್ಲಿ ಹಳದಿ ಕಲೆ ಕಂಡು, ಇದನ್ನು ತಿನ್ನಬಹುದೋ ಬಾರದೋ ಎಂಬ ಗೊಂದಲದಲ್ಲಿ ಹುಡುಗ ಮಾಮನ ಬಳಿ ಹೋದ. ಮಾಮ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. 1939-40ರಲ್ಲಿ ನಮ್ಮ ಮೈಸೂರು ಸೀಮೆಯ ಹಕ್ಕಿಗಳ ಸಮೀಕ್ಷೆ ಮಾಡಿದವರು ಅದೇ ಹುಡುಗ. ಅವರ ಆತ್ಮಕಥೆಯ ಹೆಸರೇ ಗುಬ್ಬಿಯ ಪತನ. ಎಲ್ಲ ಗುಬ್ಬಿಗಳೂ ಹಾಗೆ ಫಲ ಕೊಡುವುದಿಲ್ಲ. ನಮ್ಮ ಫಾಕ್ತಾ ಹಲಸಿನ ಬುಡದಲ್ಲೇ ಉಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಗಲೂ ಇತ್ತು. ಪರವಾನಗಿ ಎಂಬ ಮಾತನ್ನು ನಮ್ಮ ಕೇರಿಯಲ್ಲಿ ಯಾರೂ ಕೇಳಿರಲಿಲ್ಲ, ಅಥವಾ ಕೇಳಿಯೂ ಸುಮ್ಮನಿದ್ದರು.

ಹೊಸ ಸ್ಪ್ರಿಂಗ್ ಸಿಗುತ್ತದೆ. ತರಿಸಿಯೂ ಆಯಿತು. ಆದರೆ ಅದು ಕೈಗೆ ಬಂದ ದಿನ ನಮ್ಮಲ್ಲಿ ಎರಡು ಮಾತಾಯಿತು. ಒಬ್ಬರು ಅಂದರು: ಅಬ್ಬಾ ಸ್ಪ್ರಿಂಗ್ ತೆಗೆದದ್ದು ನಮ್ಮ ಸುಳ್ಳಿಗಾಗಿ. ಓಡಿ ತಲುಪಲಾಗದ ಕಡೆಗೆ ಮಕ್ಕಳನ್ನು ಓಡಿಸಿ, ಸುಳ್ಳು ಕಲಿಸಿದೆನಲ್ಲಾ ಎಂಬ ನೋವಿಗೆ. ನಾವೀಗ ಹುಡುಗರಲ್ಲ. ಸ್ಪ್ರಿಂಗ್ ಹಾಕಿ, ಅಂಗಳದಲ್ಲಿ ಕಾಗದಕ್ಕೆ ಗುರಿ ಇಟ್ಟರೆ ಯಾರಿಗೆ ನಷ್ಟ? ಕೆಲಸ ಮಾಡದ ಯಂತ್ರ ಹೆಣಕ್ಕೆ ಸಮ. ಇನ್ನೊಬ್ಬರು ಅಂದರು: ತೆಗೆದದ್ದು ಹಕ್ಕಿಗಾಗಿ. ತಿನ್ನಲಾಗದ ಒಂದು ಜೀವವನ್ನು ಕೈಯಲ್ಲಿ ಹಿಡಿದಾಗ, ತಿಂದವೂ ಲೆಕ್ಕಕ್ಕೆ ಬಂದಿರಬೇಕು. ಹಾಗಿದ್ದರೆ ಸ್ಪ್ರಿಂಗ್ ಹಾಕುವುದು ರಿಪೇರಿ ಅಲ್ಲ, ಅವರ ಮಾತನ್ನು ಅವರು ಇಲ್ಲದಾಗ ಅಳಿಸುವುದು.

ಅರುಣಾಚಲ ಪ್ರದೇಶದಲ್ಲಿ 2021ರಿಂದ ಊರೂರಿನ ಜನ ಏರ್‌ಗನ್‌ಗಳನ್ನು ಸರಕಾರಕ್ಕೆ ಒಪ್ಪಿಸಿದರು. ವೇದಿಕೆ, ಫೋಟೊ, ಚಪ್ಪಾಳೆ ಎಲ್ಲ ಇತ್ತು, ಇರಲಿ, ಒಳ್ಳೆಯದೇ. ಅಲ್ಲಿ ಕೊಟ್ಟವರಿಗೆ ತಾವು ಯಾಕೆ ಕೊಟ್ಟೆವೆಂದು ಮಕ್ಕಳಿಗೆ ಹೇಳುವ ಅನುಕೂಲವಿದೆ. ಅಬ್ಬಾ ನಮಗೆ ಅದನ್ನು ಬಿಟ್ಟುಹೋಗಲಿಲ್ಲ. ಕೋವಿಯನ್ನು ಮಾರಿಬಿಡಬಹುದಿತ್ತು, ಬಾವಿಗೆ ಎಸೆಯಬಹುದಿತ್ತು. ಗ್ರೀಸ್ ಹಚ್ಚಿ, ಸೀರೆ ಸುತ್ತಿ ಇಟ್ಟರು. ಬೇಡವಾದದ್ದಕ್ಕೆ ಯಾರಾದರೂ ಗ್ರೀಸ್ ಹಚ್ಚುತ್ತಾರೆಯೇ?

ಅಮ್ಮಿಯನ್ನು ಕೇಳಿದೆವು. ಆ ರಾತ್ರಿ ಲಾಟೀನಿನ ಮುಂದೆ ಬಿಚ್ಚಿಕೊಂಡು ಕೂತಿದ್ದರು, ಸ್ವಚ್ಛ ಮಾಡುತ್ತಿದ್ದಾರೆ ಅಂದುಕೊಂಡೆ, ಎಂದರು. ಸ್ಪ್ರಿಂಗ್ ಎಲ್ಲಿ ಹೋಯಿತು ಎಂದರೆ, "ನನಗೇನು ಗೊತ್ತು, ಸೀರೆ ಕೊಡು ಅಂದರು, ಕೊಟ್ಟೆ."

ಹೊಸ ಸ್ಪ್ರಿಂಗ್ ಪೊಟ್ಟಣ ಬಿಚ್ಚದೆ ಅಮ್ಮಿಯ ಮಾತ್ರೆಗಳ ಪಕ್ಕದಲ್ಲಿದೆ. ಬೇಸಿಗೆ ರಜೆಗೆ ಬಂದ ಹುಡುಗರು ಖಾಲಿ ಕೋವಿಯ ನಳಿಗೆಯನ್ನು ಬಗ್ಗಿಸಿ, ನೆಟ್ಟಗೆ ಮಾಡಿ, ಇದು ಯಾವಾಗ ಸರಿಹೋಗುತ್ತದೆ ಎಂದು ದಿನಾ ಕೇಳುತ್ತಾರೆ. ಅಗಸೆ ಎಣ್ಣೆ ಇನ್ನೂ ಒಣಗಿಲ್ಲ ಎಂದು ಹೇಳಿದ್ದೇವೆ.