ನೆರೆ ಇಳಿದ ಮೇಲಿನ ಧನುರ್ಮಾಸ



ಧನುರ್ಮಾಸವು ಪ್ರಾಪ್ತವಾಗಿದೆ. ಅರುಣೋದಯಕ್ಕೆ ಮುನ್ನವೇ ಎದ್ದು, ಚಳಿಯನ್ನು ಲೆಕ್ಕಿಸದೆ ಸ್ನಾನಮಾಡಿ, ಶ್ರೀಹರಿಗೆ ಹುಗ್ಗಿಯನ್ನು ನಿವೇದಿಸುವ ಈ ಪುಣ್ಯಕಾಲದಲ್ಲಿ ನಮ್ಮ ಸೀಮೆಯ ಒಂದು ಸಂಗತಿಯನ್ನು ಸ್ಮರಿಸುವುದು ಉಚಿತವಾಗಿದೆ.

ಶಾರ್ವರಿ ಸಂವತ್ಸರದ ಅಧಿಕ ಆಶ್ವಯುಜ ಮಾಸವು ಆಗತಾನೇ ಆರಂಭವಾಗಿತ್ತು. 2020ರ ಸೆಪ್ಟೆಂಬರ್ 20ರ ಆದಿತ್ಯವಾರ, ಎಡೆಬಿಡದೆ ಸುರಿದ ಮಳೆಗೆ ಸ್ವರ್ಣಾ, ಸೀತಾ ನದಿಗಳು ಉಕ್ಕಿ ಬ್ರಹ್ಮಾವರದ ಕಡೆಯ ತಗ್ಗು ಗ್ರಾಮಗಳು ಜಲಾವೃತವಾದುವು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. 2022ರ ಆಗಸ್ಟ್ ಆರಂಭದ ಮಳೆಯಲ್ಲಿ ಬೈಂದೂರಿನ ಶಿರೂರಿನ ಮೀನುಗಾರರು ದೋಣಿಗಳನ್ನೇ ಕಳೆದುಕೊಂಡರು. ನಾವುಂದದ ಪರಿಸರದಲ್ಲಿ ಸೌಪರ್ಣಿಕೆಯು ಮಳೆಗಾಲದಲ್ಲಿ ಮತ್ತೆ ಮತ್ತೆ ದಡ ಮೀರುವುದನ್ನು ನಾವೆಲ್ಲ ಬಲ್ಲೆವು.

ನೆರೆ ಬಂದ ದಿನ ಎಲ್ಲರ ಹೃದಯವೂ ಕರಗುತ್ತದೆ. ಅನ್ನ, ಬಟ್ಟೆಗಳು ತಾವಾಗಿ ಬರುತ್ತವೆ. ಆದರೆ ನೆರೆಯ ನಿಜವಾದ ಕಷ್ಟವು ಕಾಣಿಸುವುದು ಚಳಿಗಾಲದಲ್ಲಿ. ಅಂಗಳದಲ್ಲಿ ಭತ್ತದ ತಿರಿ ಏಳಬೇಕಾದ ಹೊತ್ತಿಗೆ ಅಂಗಳವು ಬರಿದಾಗಿರುತ್ತದೆ. ಬೈಹುಲ್ಲು ಕೊಳೆತುದರಿಂದ ಕೊಟ್ಟಿಗೆಯ ಹಸುವಿಗೆ ಮೇವಿಲ್ಲ. ಗದ್ದೆಯ ಮೇಲೆ ಮರಳು ನಿಂತಿದೆ. ಅದನ್ನು ತೆಗೆದರೂ ಉದ್ದು ಬಿತ್ತಲು ಬೀಜಕ್ಕೆ ಹಣವಿಲ್ಲ. ಆಗ ಕೇಳುವವರು ಯಾರು?

ಶ್ರೀಮದ್ಭಾಗವತದ ಗೋವರ್ಧನ ಪ್ರಸಂಗವನ್ನು ಗಮನಿಸಿರಿ. ಏಳು ದಿನ ಶ್ರೀಕೃಷ್ಣನು ಗಿರಿಯನ್ನು ಎತ್ತಿಹಿಡಿದುದನ್ನು ನಾವು ಕೊಂಡಾಡುತ್ತೇವೆ. ಮಳೆ ನಿಂತ ಬಳಿಕ ನಡೆದುದನ್ನು ಮಾತ್ರ ಅಷ್ಟಾಗಿ ಯೋಚಿಸುವುದಿಲ್ಲ. ಗಾಳಿಮಳೆ ನಿಂತಿತು, ಹೊಳೆಗಳು ಇಳಿದುವು, ಭಯ ಬಿಟ್ಟು ಹೊರಡಿರೆಂದು ಸ್ವಾಮಿಯು ಗೋಪರಿಗೆ ಆಜ್ಞಾಪಿಸಿದನು. ಅವರು ಗಾಡಿಗಳಲ್ಲಿ ಸಾಮಾನು ಹೇರಿಕೊಂಡು, ಗೋವುಗಳೊಡನೆ, ಮಕ್ಕಳು ಮುದುಕರೊಡನೆ ಮೆಲ್ಲಮೆಲ್ಲನೆ ಹೊರಬಂದರು. ಗಿರಿಯು ತನ್ನ ಸ್ಥಾನವನ್ನು ಸೇರಿತು. ಮುಂದಿನ ಬದುಕನ್ನು ಅವರೇ ಕೂಡಿ ಕಟ್ಟಿಕೊಳ್ಳಬೇಕಾಯಿತು. ರಕ್ಷಿಸುವವನು ಸ್ವತಂತ್ರನಾದ ಶ್ರೀಹರಿ; ರಕ್ಷಿತರಾದವರು ಪರಸ್ಪರ ಕೈಹಿಡಿದು ನಡೆಯುವುದು ಅವನ ಆಜ್ಞೆಯೇ ಆಗಿದೆ.

ಶ್ರೀಮದಾಚಾರ್ಯರು ಗೀತೆಯ ವಿವರಣೆಯಲ್ಲಿ ಜನಸೇವೆಯನ್ನು ಭಗವಂತನಿಗೆ ಸಲ್ಲಿಸಬೇಕಾದ ಕರಕ್ಕೆ ಹೋಲಿಸಿದ್ದಾರೆ. ಕರವನ್ನು ಕೊಟ್ಟವನು ತಾನು ದಾನಿಯೆಂದು ಬೀಗುವಂತಿಲ್ಲ; ಕೊಡದಿದ್ದರೆ ಬಾಕಿಯಾಗುತ್ತದೆ. ಅಧಿಕಮಾಸದಲ್ಲಿ ನಾವು 33 ಅಪೂಪಗಳ ದಾನವನ್ನು ಶ್ರದ್ಧೆಯಿಂದ ಮಾಡುತ್ತೇವೆ. ಅದು ನಮ್ಮ ಕರ್ತವ್ಯ. ಆದರೆ ಅದೇ ಮಾಸದಲ್ಲಿ ನೀರು ಹೊಕ್ಕ ಪಕ್ಕದ ಮನೆಯ ಒಲೆಯು ಪುಷ್ಯದವರೆಗೂ ಸರಿಯಾಗಿ ಉರಿಯದಿದ್ದರೆ ನಮ್ಮ ಕರ ಪೂರ್ಣವಾಗಿ ಸಂದಿತೆಂದು ಹೇಳಬಹುದೇ?

ಈಗ ತೋಡುಗಳಿಗೆ ಕಟ್ಟ ಹಾಕುವ, ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವ ಕಾಲ. ಮಳೆಗಾಲದಲ್ಲಿ ಮನೆಯನ್ನು ಮುಳುಗಿಸಿದ ಹೊಳೆಯ ನೀರನ್ನೇ ಈಗ ಹಿಡಿದಿಟ್ಟು ಸುಗ್ಗಿ ಬೆಳೆಯಬೇಕು. ಉಬ್ಬರದ ಉಪ್ಪುನೀರು ಮೇಲೇರದಂತೆ ತಡೆಯಬೇಕು. ಈ ಕಾರ್ಯವು ಒಬ್ಬನಿಂದಾಗದು. ಹುಲ್ಲಿದ್ದವರು ಒಂದು ಹೊರೆ ಹುಲ್ಲನ್ನು ಕೊಡಲಿ. ಬೀಜವಿದ್ದವರು ಬೀಜವನ್ನು ಕೊಡಲಿ. ಕೈಗಡ ಕೊಟ್ಟವರು ವಾಯಿದೆಯನ್ನು ಮುಂದಿನ ಕೊಯ್ಲಿನವರೆಗೆ ಮುಂದೂಡಲಿ. ಏನೂ ಇಲ್ಲದವರು ಒಂದು ದಿನದ ಮೈದುಡಿಮೆಯನ್ನು ಕಟ್ಟದ ಮಣ್ಣಿಗೆ ಅರ್ಪಿಸಲಿ. ತೆಗೆದುಕೊಳ್ಳುವವರ ಮನಸ್ಸು ಕುಗ್ಗದಂತೆ, ಊರವರ ಮುಂದೆ ಹೆಸರೆತ್ತದಂತೆ ಇದೆಲ್ಲವೂ ನಡೆಯಲಿ.

ಮುಂಜಾವದ ಹುಗ್ಗಿಯ ಪ್ರಸಾದವನ್ನು ಕೈಗೆತ್ತಿಕೊಳ್ಳುವಾಗ, ಹೊಳೆಬದಿಯ ಒಂದು ಮನೆಯನ್ನಾದರೂ ನೆನೆಯೋಣ. ಬೆಳಗಾದ ಮೇಲೆ ಆ ಮನೆಯ ಬಾಗಿಲಿಗೆ ಹೋಗೋಣ. ಅದೂ ಹರಿಪೂಜೆಯೇ.

ಶ್ರೀಕೃಷ್ಣಾರ್ಪಣಮಸ್ತು.