ಏನೂ ಆಗದ ಅರ್ಧ ಗಂಟೆ

ಅಪ್ಪನಿಗೆ ಇಲಿಜ್ವರ ಬಂದದ್ದು ಆಟಿ ತಿಂಗಳಲ್ಲಿ. ನಮ್ಮ ಬನ್ನಂಜೆಯಲ್ಲಿ ಈಗ ಗದ್ದೆಗಿಂತ ಅಂಗಡಿಗಳೇ ಹೆಚ್ಚು. ಆದರೂ ಅಪ್ಪ ಕಾಪು ಕಡೆಯ ಹಳೆಯ ಗದ್ದೆಯನ್ನು ಬಿಟ್ಟವರಲ್ಲ. ಹಿಮ್ಮಡಿ ಒಡೆದ ಬರಿಗಾಲಲ್ಲಿ ಹುಣಿ ಸರಿಮಾಡಲು ಇಳಿದಿದ್ದರು. ಇಲಿ ಮೂತ್ರ ಬೆರೆತ ನೀರಿಗೆ ಅಷ್ಟು ಬಾಗಿಲು ಸಾಕು. ಕಣ್ಣು ಕೆಂಪಾಗಿ, ಮೀನಖಂಡ ಮುಟ್ಟಗೊಡದಷ್ಟು ನೋವು ಶುರುವಾದ ಮೇಲೆ ಆಸ್ಪತ್ರೆಗೆ ಒಪ್ಪಿದರು. ಡಾಕ್ಟರರು ಸೆಫ್ಟ್ರಿಯಾಕ್ಸೋನ್ ಬರೆದರು, ದಿನಕ್ಕೊಮ್ಮೆ ಒಂದು ಗ್ರಾಂ, ರಕ್ತನಾಳಕ್ಕೆ.

ಸಿರಿಂಜು ಹಿಡಿದು ಬಂದ ಸಿಸ್ಟರ್ ಕೇಳಿದರು, “ಮೊದಲು ಯಾವುದಾದರೂ ಇಂಜೆಕ್ಷನ್ ಆಗದೆ ಹೋದದ್ದು ಉಂಟಾ?” ನಾನು ಮೊಬೈಲಿನಿಂದ ತಲೆಯೆತ್ತದೆ “ಇಲ್ಲ ಸಿಸ್ಟರ್” ಎಂದೆ. ಗೊತ್ತಿದ್ದು ಹೇಳಿದ್ದಲ್ಲ. ಅಂಥ ಪ್ರಶ್ನೆಗೆ ಅಂಥ ಉತ್ತರ, ಅಷ್ಟೇ. ಅವರಿಗೆ ಅದು ಸಾಲಲಿಲ್ಲ. ಅಮ್ಮನ ಕಡೆ ತಿರುಗಿ ಮತ್ತೆ ಅದನ್ನೇ ಕೇಳಿದರು. ಅಮ್ಮ ಸ್ವಲ್ಪ ಯೋಚಿಸಿ, “ಮದುವೆಗೆ ಮುಂಚೆ ಒಮ್ಮೆ ಪೆನ್ಸಿಲಿನ್ ಕೊಟ್ಟು ಮೈಯೆಲ್ಲ ದಡಿಕೆ ಎದ್ದಿತ್ತಂತೆ. ಅತ್ತೆ ಹೇಳ್ತಿದ್ದರು” ಎಂದರು.

ಸಿಸ್ಟರ್ ಸಿರಿಂಜನ್ನು ಟ್ರೇಯಲ್ಲಿ ಇಟ್ಟು ಫೋನಿಗೆ ಹೋದರು.

ಸೆಫಲೋಸ್ಪೋರಿನ್‌ಗಳು ಪೆನ್ಸಿಲಿನ್ನಿನ ದಾಯಾದಿಗಳು. 1945ರಲ್ಲಿ ಸಾರ್ಡೀನಿಯಾ ದ್ವೀಪದ ಕಾಲ್ಯಾರಿ ಊರಿನಲ್ಲಿ ಜ್ಯುಸೆಪ್ಪೆ ಬ್ರೋಟ್ಸು ಎಂಬ ವೈದ್ಯ, ಚರಂಡಿ ನೀರು ಸಮುದ್ರಕ್ಕೆ ಸೇರುವಲ್ಲಿ ಸಿಕ್ಕ ಒಂದು ಬೂಷ್ಟು ರೋಗಾಣುಗಳನ್ನು ತಡೆಯುವುದನ್ನು ಕಂಡುಕೊಂಡ. ಅದನ್ನು ಆಕ್ಸ್‌ಫರ್ಡಿಗೆ ಕಳಿಸಿಕೊಟ್ಟ. ಅಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ ಅದರಿಂದ ಔಷಧದ ಮೂಲವನ್ನು ಬೇರ್ಪಡಿಸಿದರು. ಅಣುವಿನ ನಡುವಿನ ಉಂಗುರ ಎರಡೂ ಕುಟುಂಬಗಳಿಗೆ ಒಂದೇ. ಹಾಗಾಗಿ ಪೆನ್ಸಿಲಿನ್ ಆಗದವರಲ್ಲಿ ಹತ್ತಕ್ಕೊಬ್ಬರಿಗೆ ಇದೂ ಆಗದು ಎಂದು ಬಹುಕಾಲ ನಂಬಿದ್ದರು. ಈಗಿನ ಲೆಕ್ಕ ನೂರಕ್ಕೆ ಎರಡರ ಆಸುಪಾಸು. ಸೆಫ್ಟ್ರಿಯಾಕ್ಸೋನಿಗೆ ಇನ್ನೂ ಕಡಿಮೆ. ಡಾಕ್ಟರರೂ ಅದನ್ನೇ ಹೇಳಿದರಂತೆ: ಕೊಡಿ, ಆದರೆ ಪಕ್ಕದಲ್ಲಿರಿ.

ಅವರು ಇದ್ದರು. ಅಡ್ರಿನಲಿನ್ ಕೈಗೆಟಕುವಲ್ಲಿ ಇಟ್ಟುಕೊಂಡು, ಮದ್ದನ್ನು ನಿಧಾನವಾಗಿ ಬಿಟ್ಟು, ಅಪ್ಪನ ಕುತ್ತಿಗೆ, ತುಟಿ, ಉಸಿರು ನೋಡುತ್ತಾ. ತುರಿಕೆಯಾಗುತ್ತದಾ, ಗಂಟಲು ಬಿಗಿಯುತ್ತದಾ ಎಂದು ನಡುನಡುವೆ ಕೇಳುತ್ತಾ. ಅರ್ಧ ಗಂಟೆ. ಏನೂ ಆಗಲಿಲ್ಲ.

ಅಂದಿನಿಂದ ನನ್ನನ್ನು ಕಾಡುವುದು ಇದು: ಏನೂ ಆಗದಿದ್ದ ಮೇಲೆ ಅವರು ಮಾಡಿದ್ದೇನು? ಅವರು ಊಟಕ್ಕೆ ಹೋಗಿದ್ದರೂ ಅಪ್ಪ ಹಾಗೆಯೇ ಮಲಗಿರುತ್ತಿದ್ದರು. ಫಲ ನೋಡಿ ಬೆಲೆ ಕಟ್ಟುವವರಿಗೆ ಆ ಅರ್ಧ ಗಂಟೆ ದಂಡ. ವಾರ್ಡಿನಲ್ಲಿ ಬೇರೆ ರೋಗಿಗಳೂ ಕಾಯುತ್ತಿದ್ದರಲ್ಲ, ಅವರ ಪಾಲಿನ ಸಮಯ ಅದು. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ನೂರರಲ್ಲಿ ತೊಂಬತ್ತೆಂಟು ಎಂಬುದು ಗುಂಪಿನ ಲೆಕ್ಕ. ಮಂಚದ ಮೇಲಿದ್ದದ್ದು ಒಬ್ಬರೇ, ಆ ಒಬ್ಬರು ಯಾವ ಕಡೆಯವರೆಂದು ಮದ್ದು ಒಳಗೆ ಹೋಗುವ ತನಕ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಭಾಷೆಯಲ್ಲಿ ಮದ್ದು ಕೆಲವರಿಗೆ ‘ಆಗುವುದಿಲ್ಲ’. ಧೈರ್ಯ ಹೇಳುವಾಗಲೂ ‘ಏನೂ ಆಗುವುದಿಲ್ಲ’ ಎನ್ನುತ್ತೇವೆ. ನನ್ನ “ಇಲ್ಲ ಸಿಸ್ಟರ್” ಈ ಎರಡನೆಯ ಜಾತಿಯದು. ಟೆಸ್ಟ್ ಡೋಸ್ ಎಂಬ ನಮ್ಮ ಆಸ್ಪತ್ರೆಗಳ ರೂಢಿಯೂ ಎಷ್ಟೋ ಸಲ ಹೀಗೆಯೇ. ಮುಂಗೈಯಲ್ಲಿ ಗುಳ್ಳೆ ಏಳಲಿಲ್ಲ ಎಂದರೆ ಎಲ್ಲರಿಗೂ ನಿರಾಳ, ಆದರೆ ಅದು ಖಾತ್ರಿ ಅಲ್ಲ. 2014ರ ಮಾರ್ಚ್ 1ರಿಂದ ಮೂರನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳನ್ನು ಮಾರಿದರೆ ಮೆಡಿಕಲ್ ಶಾಪಿನವರು ರೋಗಿಯ, ಡಾಕ್ಟರರ ಹೆಸರು ಬರೆದಿಡಬೇಕೆಂಬ ನಿಯಮವೂ ಇದೆ. ಒಳ್ಳೆಯದೇ. ಆದರೆ ಅದೇ ಪ್ರಶ್ನೆಯನ್ನು ಇನ್ನೊಬ್ಬರಿಗೆ ತಿರುಗಿ ಕೇಳು ಎಂದು ಯಾವ ನಿಯಮದಲ್ಲಿ ಬರೆದಾರು?

ಆಮೇಲೆ ಅಮ್ಮನನ್ನು ಕೇಳಿದೆ, “ಇದನ್ನು ಮೊದಲೇ ಯಾಕೆ ಹೇಳಲಿಲ್ಲ?”

“ನಿನ್ನ ಹತ್ತಿರ ಕೇಳಿದ್ದಲ್ವಾ ಅವರು.”

ಡಿಸ್ಚಾರ್ಜ್ ದಿನ ಸಿಸ್ಟರ್ ಒಂದು ಚೀಟಿ ಬರೆದು ಅಪ್ಪನ ಪರ್ಸಿನಲ್ಲಿಡಲು ಹೇಳಿದರು. ಪೆನ್ಸಿಲಿನ್‌ಗೆ ದಡಿಕೆ ಎದ್ದಿತ್ತು ಎಂದಷ್ಟೇ ಬರೆಯುತ್ತಾರೆಂದು ನಾನು ಎಣಿಸಿದ್ದೆ. ಕೆಳಗೆ ಇನ್ನೊಂದು ಸಾಲಿತ್ತು: ಸೆಫ್ಟ್ರಿಯಾಕ್ಸೋನ್ ಏಳು ದಿನ ಕೊಟ್ಟಿದೆ, ತೊಂದರೆಯಿಲ್ಲ. ಅದೂ ಬೇಕಾ ಎಂದೆ. “ಬೇಕು. ಇಲ್ಲದಿದ್ದರೆ ಮುಂದೆ ಯಾರಾದರೂ ಹೆದರಿ ಬೇಕಾದ ಮದ್ದನ್ನೇ ಕೊಡದೆ ಬಿಟ್ಟಾರು” ಎನ್ನುತ್ತಾ ಪಕ್ಕದ ಮಂಚಕ್ಕೆ ಹೋದರು.